ಆಯುಧಪೂಜೆಗೆ ತೊಳೆದ ಕಂಪ್ಯೂಟರ್

ಪಾಂಡವಪುರದಲ್ಲಿ ನಮ್ಮ ಮನೆಯ ಹಿಂದೆಯೇ ಅಪ್ಪನ ಮರಗೆಲಸದ ಶೆಡ್ಡು ಇದೆ. ಆಯುಧಪೂಜೆಯ ಹಿಂದಿನ ದಿನ ಅಲ್ಲಿ ಕೆಲಸ ನಡೆಯುವುದಿಲ್ಲ. ತೊಳೆಯುವುದು, ಒರೆಸುವುದು, ಸಾಣೆ ಹಿಡಿಯುವುದು ಅಷ್ಟೇ. ಉಳಿ, ಬಾಚಿ, ಗರಗಸ, ಕೀಸುಳಿ ಎಲ್ಲವೂ ಅಂಗಳಕ್ಕೆ ಬರುತ್ತವೆ. ತುಕ್ಕು ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ಹಳೆಯ ಪಂಚೆಯೊಂದರ ಮೇಲೆ ಸಾಲಾಗಿ ಮಲಗಿಸುತ್ತಾರೆ. ಸಡಿಲವಾದ ಹಿಡಿಗಳನ್ನು ಕಿತ್ತು ಹೊಸದು ಹಾಕುವುದೂ ಅವತ್ತೇ. ಪೂಜೆಗೆ ಕೂರುವ ಸಾಮಾನು ಹಳೆಯ ಕೊಳೆಯಲ್ಲಿ ಕೂರಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ.

ಎರಡು ವರ್ಷದ ಹಿಂದೆ ಆ ದಿನ ಚಿಕ್ಕಪ್ಪ ಶೆಡ್ಡಿನ ಕಂಪ್ಯೂಟರನ್ನೂ ತೊಳೆದರು. ನೀರು ಹಾಕಲಿಲ್ಲ. ಅವರು ಮಾಡಿದ್ದು ಬೇರೆ.

ಆ ಕಂಪ್ಯೂಟರ್ ಅಲ್ಲಿ ಯಾಕಿತ್ತು ಎಂದು ಮೊದಲು ಹೇಳಬೇಕು. ಗಂಜಾಂನಲ್ಲಿ ಒಂದು ಮನೆಗೆ ಅಟ್ಟ ಹಾಕುವಾಗ ಅಪ್ಪ ಬಿದ್ದರು. ಮುರಿದ ಬಲಗಡೆಯ ಭುಜ ಕೂಡಿಕೊಂಡಿತು, ಆದರೆ ಕೊಡತಿ ಎತ್ತಿ ಬಡಿಯುವ ಶಕ್ತಿ ಮರಳಲಿಲ್ಲ. ಸಣ್ಣ ಉಳಿ ಹಿಡಿದು ಅಂಗೈಯಲ್ಲೇ ಒತ್ತಿ ಕೆತ್ತುವುದಕ್ಕೆ ತೊಂದರೆ ಇರಲಿಲ್ಲ. ಆಳವಾಗಿ ಮರ ತೆಗೆಯುವುದು ಮಾತ್ರ ಆಗದಾಯಿತು. ಆಗ ನಾಗಮಂಗಲದ ಒಂದು ಕಾರ್ಖಾನೆಯವರು ದೊಡ್ಡದು ಕೊಂಡು, ತಮ್ಮ ಹಳೆಯ ಕೆತ್ತನೆ ಯಂತ್ರವನ್ನು ಮಾರುತ್ತಿದ್ದರು. ಅದು ನಮ್ಮ ಶೆಡ್ಡಿಗೆ ಬಂತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ, ‘ಬಿಟ್ಟು’ ಎನ್ನುವ ಸುತ್ತುವ ಅಲಗು ಹಲಗೆಯ ಮೇಲೆ ಓಡಾಡಿ ಮರ ತೋಡುತ್ತದೆ. ಆಮೇಲೆ ಹಕ್ಕಿಯ ಕಣ್ಣು, ಗರಿ, ಎಲೆಯ ನರ ಅಪ್ಪನ ಕೈಯವು.

ಯಂತ್ರದ ಜೊತೆ ಬಂದ ಕಂಪ್ಯೂಟರ್ ಕೆಲವೇ ತಿಂಗಳಲ್ಲಿ ಕೆಟ್ಟಿತು. ನಾನಾಗ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಬೇರೊಂದು ಕಂಪ್ಯೂಟರಿಗೆ ಯಂತ್ರದ ಕಾರ್ಡನ್ನು ಸಿಕ್ಕಿಸಿ, ಯಂತ್ರದ ಜೊತೆ ಕೊಟ್ಟಿದ್ದ ಡಿಸ್ಕಿನಲ್ಲಿದ್ದ ಮೂಲ ಬರಹದಿಂದ, ಅಂದರೆ ಸೋರ್ಸ್ ಕೋಡಿನಿಂದ, ಮಾಡ್ಯೂಲ್ ಕಟ್ಟಿ, ರಜೆಯಲ್ಲಿ ಅದನ್ನು ಓಡಿಸಿದ್ದೆ. ಕಂಪ್ಯೂಟರಿನ ತಿರುಳಾಗಿ ಕೆಲಸ ಮಾಡುವ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅದಕ್ಕೆ ಎಲ್ಲ ಯಂತ್ರಗಳ ಪರಿಚಯ ಇರುವುದಿಲ್ಲ. ಪರಿಚಯವಿಲ್ಲದ ಯಂತ್ರದ ಮಾತನ್ನು ತಿಳಿಸಿಕೊಡಲು ಒಳಗೆ ಸೇರಿಸುವ ಸಣ್ಣ ತುಣುಕೇ ಮಾಡ್ಯೂಲ್. ಕೆಲಸ ಮುಗಿದ ಮೇಲೆ ಚಿಕ್ಕಪ್ಪನಿಗೆ ಒಂದೇ ಮಾತು ಹೇಳಿದ್ದೆ: ಇದು ಏನು ಕೇಳಿದರೂ ಬೇಡ ಅನ್ನಿ.

ಅವರು ವರ್ಷಗಟ್ಟಲೆ ಬೇಡ ಅಂದಿದ್ದರು.

ಆ ಸಂಜೆ ನಾನು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ಬಸ್ಸಿಳಿದು ಬಂದಾಗ ಚಿಕ್ಕಪ್ಪ ಗೇಟಿನ ಹತ್ತಿರವೇ ನಿಂತಿದ್ದರು. ಕೈಯೆಲ್ಲ ಎಣ್ಣೆ.

“ಬಂದ್ಯಾ ಕಣವ್ವ? ಮಿಷಿನ್ನು ಮಾತೇ ಕೇಳ್ತಿಲ್ಲ.”

“ಏನ್ ಮಾಡಿದ್ರಿ ಚಿಕ್ಕಪ್ಪ?”

“ಏನೂ ಮಾಡ್ನಿಲ್ಲ. ಕಿಲೀನ್ ಮಾಡ್ದೆ, ಅಷ್ಟೆಯ.”

ಒಳಗಿನಿಂದ ಅಪ್ಪನ ಧ್ವನಿ ಬಂತು. “ಏನೂ ಮಾಡ್ನಿಲ್ಲ ಅಂತಾನೆ. ಬೆಳಿಗ್ಗಿಂದ ಅದ್ನೇ ಮಾಡವ್ನೆ.”

ಚಿಕ್ಕಪ್ಪ ನನ್ನ ಹಿಂದೆಯೇ ಬಂದರು. “ಅಲ್ಲ ಕಣವ್ವ, ಅದು ವರ್ಸದಿಂದ ಕೇಳ್ತಾನೇ ಇತ್ತು, ಹೊಸ್ದು ಬಂದದೆ, ಏರಿಸ್ಲಾ ಏರಿಸ್ಲಾ ಅಂತ. ನಾಳೆ ಪೂಜೆಗೆ ಕೂರ್ಸೋ ಸಾಮಾನು, ಕೊಳೆ ಇಟ್ಕಂಡು ಎಂಗೆ ಕೂರ್ಸಾದು? ಹೂಂ ಅಂದೆ. ಉಳಿ ಉಜ್ಜಿ ಬರೋವೊತ್ಗೆ ಮತ್ತೆ ಕೇಳ್ತು. ಮತ್ತೆ ಹೂಂ ಅಂದೆ.”

“ಹಳೇದನ್ನ ತೆಗೀಲಾ ಅಂತ ಕೇಳ್ತಾ?”

“ಕೊನೇಲಿ ಕೇಳ್ತು. ತೆಗ್ದಾಕ್ಬುಡು ಅಂದೆ. ಶಾನೆ ಜಾಗ ಆಯ್ತು ನೋಡು ಈಗ!” ಅವರ ಮುಖದಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

ನಾನು ಕುರ್ಚಿಯಲ್ಲಿ ಕುಳಿತೆ. ಪರದೆ ಹೊಸದಾಗಿ, ಚೆನ್ನಾಗಿಯೇ ಕಾಣುತ್ತಿತ್ತು. ಕೆತ್ತನೆಯ ಪ್ರೋಗ್ರಾಂ ತೆರೆಯಿತು. ಯಂತ್ರ ಮಾತ್ರ ಅಲುಗಲಿಲ್ಲ.

ಹಳೆಯ ಕರ್ನಲ್ ಉಳಿದಿದ್ದರೆ ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ ಮುಂದುವರಿಯಬಹುದಿತ್ತು. ಹೊಸದು ಬಂದಾಗ ಹಳೆಯದೊಂದು ಪಕ್ಕದಲ್ಲಿ ಉಳಿಯುವುದು ಇಂಥ ಹೊತ್ತಿಗೆಂದೇ. ಚಿಕ್ಕಪ್ಪ ಅದನ್ನೂ ಗುಡಿಸಿದ್ದರು. ಉಳಿದದ್ದು ನಾನು ಹಿಂದೆ ಕಟ್ಟಿದ್ದ ಮಾಡ್ಯೂಲ್ ಮಾತ್ರ. ಯಾವ ಕರ್ನಲ್‌ಗಾಗಿ ಕಟ್ಟಿದ್ದೋ ಅದರ ಗುರುತು ಪ್ರತಿ ಮಾಡ್ಯೂಲಿನ ಮೇಲೂ ಇರುತ್ತದೆ. ಸೇರಿಸಿಕೊಳ್ಳುವ ಮೊದಲು ಕರ್ನಲ್ ಆ ಗುರುತನ್ನು ನೋಡುತ್ತದೆ. ತನ್ನದಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ನನ್ನ ಮಾಡ್ಯೂಲನ್ನೂ ಬಿಡಲಿಲ್ಲ. ಮೂಲ ಬರಹ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಹೊಸ ಕರ್ನಲ್‌ಗೆಂದು ಮತ್ತೆ ಕಟ್ಟಲು ನೋಡಿದೆ. ಪರದೆಯ ತುಂಬ ತಪ್ಪುಗಳ ಸಾಲು ಬಂತು. ಆವೃತ್ತಿಯಿಂದ ಆವೃತ್ತಿಗೆ ಕರ್ನಲ್ ತನ್ನ ಒಳಗಿನ ಏರ್ಪಾಡನ್ನು ಬದಲಿಸಿಕೊಳ್ಳುತ್ತಲೇ ಇರುತ್ತದೆ. ಹೊರಗಿನ ಪ್ರೋಗ್ರಾಮುಗಳಿಗೆ ಅದು ತಿಳಿಯುವುದಿಲ್ಲ. ಒಳಗೆ ಹೋಗಿ ಕೂರುವ ಮಾಡ್ಯೂಲಿಗೆ ತಿಳಿಯುತ್ತದೆ.

“ಬಲವಂತವಾಗಿ ತುರುಕಕ್ಕೆ ಬರಾಕಿಲ್ವಾ?” ಚಿಕ್ಕಪ್ಪ ಕೇಳಿದರು.

ಬರುತ್ತದೆ. ಗುರುತನ್ನು ಲೆಕ್ಕಿಸದೆ ಒಳಗೆ ತಳ್ಳುವ ದಾರಿಯೊಂದಿದೆ. ಕೆಲವೊಮ್ಮೆ ಕೆಲಸವೂ ಆಗುತ್ತದೆ. ಆದರೆ ಹಳೆಯ ಮಾಡ್ಯೂಲ್ ತನ್ನ ಸಾಮಾನು ಇರುತ್ತಿದ್ದ ಜಾಗಕ್ಕೇ ಕೈ ಹಾಕುತ್ತದೆ. ಅಲ್ಲಿ ಈಗ ಬೇರೆಯದೇ ಇರಬಹುದು. ಅದು ಬರಿಯ ಲೆಕ್ಕದ ಯಂತ್ರವಾಗಿದ್ದರೆ ಒಂದು ಸಲ ನೋಡುತ್ತಿದ್ದೆನೋ ಏನೋ. ಇಲ್ಲಿ ಬಿಟ್ಟು ಸುತ್ತುತ್ತದೆ, ಅಪ್ಪನ ಕೈ ಅದರ ಹತ್ತಿರವೇ ಇರುತ್ತದೆ. ಬೇಡ ಅಂದೆ.

“ಇವ್ನು ಚಿಕ್ಕೋನಾಗಿದ್ದಾಗ್ಲೂ ಅಂಗೇಯ,” ಅಪ್ಪ ಹಿಡಿಯೊಂದಕ್ಕೆ ಮರಳುಕಾಗದ ತಿಕ್ಕುತ್ತ ಅಂದರು. “ಹಿಡಿ ಕೂರ್ದೇ ಇದ್ರೆ ಕೊಡತಿ ತಕ್ಕಂಡು ಬಡ್ದು ಮರಾನೇ ಸೀಳ್ಬುಡೋನು.”

“ಒಂದ್ಸಲ ಕಣಣ್ಣ! ಒಂದೇ ಒಂದ್ಸಲ!”

ಅಪ್ಪ ತಮಾಷೆ ಮಾಡುತ್ತಿದ್ದರೂ ಅವರ ಕಣ್ಣು ಯಂತ್ರದ ಮೇಲಿದ್ದ ಹಲಗೆಯ ಕಡೆಗೇ ಹೋಗುತ್ತಿತ್ತು. ಅದು ಸಂತೆಬಾಚಹಳ್ಳಿಯ ಒಬ್ಬ ಗೌಡರು ಕಟ್ಟಿಸುತ್ತಿದ್ದ ಮನೆಯ ತಲೆಬಾಗಿಲ ಕದ. ಅವರ ಹಳೆಯ ಮನೆಯ ಕದ ಕೆತ್ತಿದ್ದು ನನ್ನ ತಾತ. ನಡುವೆ ತಾವರೆ, ಆಚೀಚೆ ಬಳ್ಳಿ, ಎದುರುಬದುರು ಕೂತ ಎರಡು ಗಿಳಿ. ಹೊಸ ಮನೆ ಹಳೆಯದರ ಪಕ್ಕದಲ್ಲೇ ಏಳುತ್ತಿತ್ತು. ಅದೇ ಚಿತ್ತಾರ ಬೇಕೆಂದು ಗೌಡರು ಕೇಳಿದಾಗ ಅಪ್ಪ ಹಳೆಯ ಕದದ ಮೇಲೆ ಕಾಗದ ಒತ್ತಿ ಗುರುತು ತೆಗೆದುಕೊಂಡು ಬಂದಿದ್ದರು. ನಾನು ಅದನ್ನು ಯಂತ್ರದ ಚಿತ್ರವಾಗಿ ಮಾಡಿದ್ದೆ. ಭುಜ ಹೋದ ಮೇಲೆ ಅಪ್ಪ ಇಷ್ಟು ಮನಸ್ಸಿಟ್ಟು ಹಿಡಿದ ಕೆಲಸ ಬೇರೆ ಇರಲಿಲ್ಲ. ತಾತನ ಕದದ ಪಕ್ಕದಲ್ಲಿ ತಮ್ಮದೊಂದು ನಿಲ್ಲಬೇಕು ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಗೊತ್ತಿತ್ತು.

ತಾವರೆ ಮತ್ತು ಎಡಗಡೆಯ ಗಿಳಿ ಆಗಿತ್ತು. ಬಲಗಡೆ ಬರಿಯ ಮರ. ಹಲಗೆಯನ್ನು ಕ್ಲಾಂಪಿನಿಂದ ಬಿಚ್ಚುವ ಹಾಗಿರಲಿಲ್ಲ. ಬಿಚ್ಚಿದರೆ ಕೆತ್ತನೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಕೂದಲೆಳೆ ತಪ್ಪದೆ ಹಿಡಿಯುವುದು ಕಷ್ಟ. ಬಿಟ್ಟು ಹಿಡಿಯುವ ಯಂತ್ರದ ತೋಳನ್ನು ಮೂಲೆಯ ಗುರುತಿಗೆ ತಂದು ನಿಲ್ಲಿಸಿದ್ದರು. ಯಂತ್ರದ ಅಳತೆಯೆಲ್ಲ ಅಲ್ಲಿಂದಲೇ ಶುರು, ಯಾರೂ ಅದನ್ನು ತಳ್ಳಬಾರದು.

ತಪ್ಪುಗಳ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಅಷ್ಟರಲ್ಲಿ ಅಮ್ಮ ಒದ್ದೆ ಬಟ್ಟೆಯೊಂದಿಗೆ ಬಂದರು. ಕೀಬೋರ್ಡು ಒರೆಸಿ, ಲ್ಯಾಪ್‌ಟಾಪನ್ನೂ ಎತ್ತಿಕೊಂಡರು. “ಇದೂ ಕೆಲ್ಸದ ಸಾಮಾನೇ ಅಲ್ವಾ? ನಾಳಿದ್ದು ತಕೊಳೀವಂತೆ.”

ನಮ್ಮಲ್ಲಿ ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಪೂಜೆ ಕದಲಿಸುವ ತನಕ ಯಾರೂ ಮುಟ್ಟುವುದಿಲ್ಲ. ವಾದ ಮಾಡಬಹುದಿತ್ತು. ಮಾಡಲಿಲ್ಲ. ಕದ ಮುಗಿಸುವ ಅಷ್ಟು ಅವಸರವಿದ್ದೂ ಅಪ್ಪ ಉಳಿಯನ್ನು ಕೆಳಗಿಟ್ಟಿರುವಾಗ ನಾನು ಮಾತ್ರ ಕೀಲಿ ಒತ್ತುತ್ತ ಕೂರುವುದು ನನಗೆ ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಉಳಿಗಳ ಸಾಲಿನ ಕೊನೆಗೆ ನನ್ನ ಲ್ಯಾಪ್‌ಟಾಪು ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು ಕೂತಿತ್ತು. ಶೆಡ್ಡಿನ ಕಂಪ್ಯೂಟರಿಗೆ ಚೆಂಡುಹೂವಿನ ಹಾರ. ಯಂತ್ರದ ತೋಳಿಗೆ ಏನೂ ಕಟ್ಟದಂತೆ ಅಪ್ಪ ಕಾವಲಿದ್ದು, ಬಾಳೆಕಂದನ್ನು ಕಾಲಿಗೆ ಕಟ್ಟಿಸಿದರು. ಫೋನುಗಳಿಗೂ ಕುಂಕುಮ ಬಿತ್ತು. ಮಂಗಳಾರತಿ ಆರುವ ಮೊದಲೇ ಚಿಕ್ಕಪ್ಪನ ಫೋನು ಬಡಿದುಕೊಂಡಿತು, ಅವರು ಎತ್ತಿಬಿಟ್ಟರು. ಹೀಗೆ ಫೋನುಗಳ ವಿಶ್ರಾಂತಿ ಮುಗಿಯಿತು. ನನಗೂ ಫೋಟೋ ನೋಡಲು ಅಡ್ಡಿ ಉಳಿಯಲಿಲ್ಲ.

ಕಡ್ಲೆಪುರಿ ಹಂಚುವ ಹೊತ್ತಿಗೆ ಸಂತೆಬಾಚಹಳ್ಳಿಯ ಗೌಡರು ಬಂದರು. ಎತ್ತರದ ಆಳು, ಡೈರಿಗೆ ಹಾಲು ಹಾಕಿ ನೇರವಾಗಿ ಬೈಕಿನಲ್ಲಿ ಬಂದಿದ್ದರು. ಹಲಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ ಆಚಾರ್ರೇ, ಒಂದೇ ಗಿಣಿ ಕುಂತದೆ. ಜೋಡಿ ಎಲ್ಲೋಯ್ತು? ಹಬ್ಬಕ್ಕೆ ತವರಿಗಾ?”

“ಅದ್ಕೆ ಒರಗಬ್ಯಾಡಿ ಗೌಡ್ರೇ, ತೋಳು ಸರೀತದೆ,” ಅಂದರು ಅಪ್ಪ.

ಸುಮ್ಮನಿರಲಾರದೆ ಚಿಕ್ಕಪ್ಪ ಹೇಳಿಬಿಟ್ಟರು. “ಕಂಪೂಟ್ರು ಹೊಸ್ದಾಗ್ಬುಟ್ಟದೆ ಗೌಡ್ರೇ. ಅದ್ಕೆ ಮಿಷಿನ್ನಿನ ಗುರ್ತು ಸಿಕ್ತಿಲ್ಲ.”

“ಹೊಸ್ದಾದ್ರೆ ಒಳ್ಳೇದಾಗ್ಬೇಕಲ್ಲಯ್ಯ? ನಮ್ಮಟ್ಟಿಗೆ ಹೊಸ ಸೊಸೆ ಬಂದಂಗಾಯ್ತಲ್ಲ, ಯಾರ್ ಯಾರು ಅಂತ್ಲೇ ಗೊತ್ತಿಲ್ಲ ಅನ್ನು.” ಎಲ್ಲರೂ ನಕ್ಕರು. ಆಮೇಲೆ ಗೌಡರು ಧ್ವನಿ ತಗ್ಗಿಸಿದರು. “ಬೇಜಾರ್ ಮಾಡ್ಕಬ್ಯಾಡಿ ಆಚಾರ್ರೇ. ಗೃಹಪ್ರವೇಶಕ್ಕೆ ದಿನ ಇಟ್ಬುಟ್ಟವ್ರೆ. ಮೈಸೂರಲ್ಲಿ ನಮ್ಮ ಅಳಿಯನಿಗೆ ಗೊತ್ತಿರೋ ದೊಡ್ಡ ಅಂಗ್ಡಿ ಅದೆ. ನಾಳೆ ಸಂಜೆ ಟೆಂಪೋ ತತ್ತೀನಿ, ಹಲಗೆ ಕೊಟ್ಬುಡಿ. ಅವ್ರು ಇದ್ನ ಕೀಸಿ ಹೊಸ್ದಾಗೇ ಕೆತ್ಕಂಡಾರು.”

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬಾಗಿಲಿಲ್ಲದ ಮನೆಗೆ ಯಾರು ತಾನೇ ಹೋಗಿ ಸೇರುತ್ತಾರೆ? ಅಪ್ಪ ಒಂದು ಬಾಳೆಹಣ್ಣು ತೆಗೆದು ಅವರ ಕೈಗಿಟ್ಟರು.

“ಟೆಂಪೋ ತನ್ನಿ ಗೌಡ್ರೇ. ಗಿಣಿ ಬಂದಿದ್ರೆ ಕದ ನಂದು. ಬರ್ದೇ ಇದ್ರೆ ಹಲಗೆ ನಿಮ್ದು.”

ಆ ಮಧ್ಯಾಹ್ನ ನಾನು ಮಹಡಿಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತೆ. ಕೀಲಿ ಒತ್ತುವ ಹಾಗಿಲ್ಲದ್ದರಿಂದ ಓದುವುದೊಂದೇ ಉಳಿದಿತ್ತು. ಮುಂದೆ ಕಂಪ್ಯೂಟರ್ ಇದ್ದಿದ್ದರೆ ಒಂದನ್ನು ತಿದ್ದಿ, ಕಟ್ಟಿ, ಮುಂದಿನದಕ್ಕೆ ಹೋಗುತ್ತಿದ್ದೆ. ಈಗ ಸಾಲು ಸಾಲಾಗಿ ನೋಡಿದಾಗ ಅಷ್ಟೊಂದು ತಪ್ಪುಗಳು ನಿಜಕ್ಕೂ ಕೆಲವೇ ಬದಲಾವಣೆಗಳ ಮಕ್ಕಳು ಎಂದು ತಿಳಿಯಿತು. ಕರ್ನಲ್‌ನಿಂದ ಕೆಲಸ ಮಾಡಿಸಿಕೊಳ್ಳುವ ಒಂದು ಕರೆ ಮೊದಲು ಮೂರು ಸಂಗತಿ ಕೇಳುತ್ತಿತ್ತು, ಈಗ ಎರಡನ್ನೇ ಕೇಳುತ್ತಿತ್ತು. ಮಾಡ್ಯೂಲ್ ಅದಕ್ಕೆ ಇನ್ನೂ ಮೂರು ಕೊಡುತ್ತಿತ್ತು. ಸಮಯ ನೋಡಿಕೊಳ್ಳುವ ಟೈಮರನ್ನು ಸಿದ್ಧಪಡಿಸುವ ಹಳೆಯ ರೀತಿಯನ್ನೇ ತೆಗೆದುಹಾಕಿ, ಬೇರೆ ಹೆಸರಿನ ಬೇರೆ ರೀತಿ ತಂದಿದ್ದರು. ಹೊಸ ರೀತಿ ಏನೆಂದು ಹುಡುಕಿ ಓದಿದೆ. ಕತ್ತಲಾಗುವ ಮುಂಚೆ ಏನು ಬರೆಯಬೇಕೆಂದು ನನಗೆ ಬಹುಮಟ್ಟಿಗೆ ಗೊತ್ತಿತ್ತು. ಅಮ್ಮ ತಂದುಕೊಟ್ಟ ಒಬ್ಬಟ್ಟನ್ನು ಸಮಾಧಾನವಾಗಿ ತಿಂದೆ.

ವಿಜಯದಶಮಿಯ ಬೆಳಿಗ್ಗೆ ಅಪ್ಪ ಪೂಜೆ ಕದಲಿಸಿದರು. ಪದ್ಧತಿಯಂತೆ ಸಣ್ಣ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ, ಅದನ್ನು ದೇವರ ಮುಂದಿಟ್ಟರು. ಆಮೇಲೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

ಹಿಂದಿನ ದಿನ ಯೋಚಿಸಿಟ್ಟದ್ದನ್ನು ಬರೆದೆ. ಕಟ್ಟಿದೆ. ಒಂದೆರಡು ಕಡೆ ತಿದ್ದಬೇಕಾಯಿತು. ಮತ್ತೆ ಕಟ್ಟಿದಾಗ ಪರದೆ ಯಾವ ದೂರೂ ಹೇಳಲಿಲ್ಲ. ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಂಡಿತು.

“ಆಯ್ತಾ?” ಚಿಕ್ಕಪ್ಪ ಬಿಟ್ಟು ತಂದೇಬಿಟ್ಟರು.

“ಬಿಟ್ಟು ಬೇಡ. ಖಾಲಿ ಓಡಿಸೋಣ ಮೊದಲು.”

ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ನನಗೆ ಸಂತೋಷ. ಯಂತ್ರ ಬೆರಳಿನಷ್ಟು ಸರಿಯಿತು, ನಿಂತಿತು. ಮತ್ತೆ ಹೊರಡಿಸಿದರೆ ಮತ್ತೆ ಬೆರಳಿನಷ್ಟು, ಮತ್ತೆ ನಿಂತಿತು. ಬಿಟ್ಟು ಹಾಕಿದ್ದರೆ ನಿಂತ ಕಡೆಯೆಲ್ಲ ಸುಟ್ಟ ಕಲೆ ಬೀಳುತ್ತಿತ್ತು.

“ಎರಡೆಜ್ಜೆಗೊಂದ್ಸಲ ಉಸ್ರು ಕಟ್ತದಲ್ಲ ಇದ್ಕೆ,” ಅಂದರು ಚಿಕ್ಕಪ್ಪ. “ನನ್ನಂಗೇ ಆಗೋಯ್ತು.”

“ನಿಂಗೆ ಕೆಲ್ಸ ಇದ್ದಾಗ ಮಾತ್ರ ಕಣ್ಲಾ ಉಸ್ರು ಕಟ್ಟೋದು,” ಎಂದರು ಅಪ್ಪ. ಆದರೆ ಅವರು ಗೋಡೆಯ ಗಡಿಯಾರ ನೋಡಿದ್ದನ್ನು ನಾನು ಕಂಡೆ.

ಕಟ್ಟುವಾಗ ಬಾರದ ತಪ್ಪು ಓಡುವಾಗ ಬಂದರೆ ಹುಡುಕುವುದು ಕಷ್ಟ. ನಾನು ಎದ್ದು ನೀರು ಕುಡಿದು ಬಂದೆ. ಯಂತ್ರ ಮನಸ್ಸಿಗೆ ಬಂದಲ್ಲಿ ನಿಲ್ಲುತ್ತಿರಲಿಲ್ಲ, ಪ್ರತಿ ಸಲವೂ ಸರಿಯಾಗಿ ಅಷ್ಟೇ ದೂರಕ್ಕೆ ನಿಲ್ಲುತ್ತಿತ್ತು. ಅಂದರೆ ಅದು ಗೊಂದಲವಲ್ಲ, ನಿಯಮ. ಯಂತ್ರದ ಸುರಕ್ಷೆಗೆಂದು ಮಾಡ್ಯೂಲಿನಲ್ಲಿ ಒಂದು ಕಟ್ಟುಪಾಡಿತ್ತು: ಇಂತಿಷ್ಟು ಹೊತ್ತಿನೊಳಗೆ ಯಂತ್ರಕ್ಕೆ ಮುಂದಿನ ಮಾತು ಬಾರದಿದ್ದರೆ ಅದು ನಿಂತುಬಿಡಬೇಕು. ಆ ಹೊತ್ತನ್ನು ಬರೆದವರು ಕರ್ನಲ್‌ನ ಒಳಗಡಿಯಾರದ ಮಿಡಿತಗಳಲ್ಲಿ ಎಣಿಸಿದ್ದರು. ಹೊಸ ಆವೃತ್ತಿಯಲ್ಲಿ ಆ ಗಡಿಯಾರ ಮೊದಲಿಗಿಂತ ಹಲವು ಪಟ್ಟು ಬೇಗ ಮಿಡಿಯುತ್ತಿತ್ತು. ಎಣಿಕೆ ಹಳೆಯದೇ. ಹೀಗಾಗಿ ಮುಂದಿನ ಮಾತು ಬರುವ ಮೊದಲೇ ಗಡುವು ಮುಗಿದು ಯಂತ್ರ ನಿಲ್ಲುತ್ತಿತ್ತು. ಮಿಡಿತಗಳ ಎಣಿಕೆ ತೆಗೆದು, ಆ ಜಾಗದಲ್ಲಿ ನಿಜವಾದ ಕಾಲವನ್ನೇ ಬರೆದೆ. ಇನ್ನು ಗಡಿಯಾರ ಎಷ್ಟು ಬೇಗ ಮಿಡಿದರೂ ಅದಕ್ಕೆ ಸಂಬಂಧವಿಲ್ಲ.

ಈ ಸಲ ತೋಳು ಹಲಗೆಯ ಈ ತುದಿಯಿಂದ ಆ ತುದಿಗೆ ತಡೆಯದೆ ಹೋಗಿ ಮೂಲೆಯ ಗುರುತಿಗೆ ಮರಳಿತು. ಅಪ್ಪ ಬಗ್ಗಿ ಗುರುತು ನೋಡಿದರು. ತಾವೇ ಬಿಟ್ಟು ಹಾಕಿ ಬಿಗಿದರು.

ಊಟದ ಹೊತ್ತಿಗೆ ಕೊಕ್ಕು ಕಂಡಿತು. ಬಲಗಡೆಯ ಗಿಳಿ ಮರದೊಳಗಿನಿಂದ ಸ್ವಲ್ಪ ಸ್ವಲ್ಪವೇ ಏಳುತ್ತಿದ್ದುದನ್ನು ನಾವು ಸರದಿಯಲ್ಲಿ ಕಾದೆವು. ಚಿಕ್ಕಪ್ಪ ಪುಡಿ ಗುಡಿಸುತ್ತಿದ್ದರು, ಮೌಸಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಅಮ್ಮ ತಟ್ಟೆಯನ್ನು ಶೆಡ್ಡಿಗೇ ತಂದರು.

ಗೌಡರು ಟೆಂಪೋ ತಂದಾಗ ಬಿಸಿಲು ಇಳಿದಿತ್ತು. ಯಂತ್ರ ನಿಂತಿತ್ತು. ಅಪ್ಪ ಆಗಲೇ ಸಣ್ಣ ಉಳಿ ಹಿಡಿದು ಹೊಸ ಗಿಳಿಯ ಕಣ್ಣಿನ ಮೇಲೆ ಬಗ್ಗಿದ್ದರು. ಗೌಡರು ಹೆಬ್ಬೆರಳನ್ನು ತಾವರೆಯಿಂದ ಬಲಗಡೆಯ ಬಳ್ಳಿಯ ಮೇಲೆ ಎಳೆದರು. ಮತ್ತೊಮ್ಮೆ ಎಳೆದರು.

“ಎಲ್ಲಿ ನಿಂತಿತ್ತು ಆಚಾರ್ರೇ ಇದು?”

“ನೀವೇ ಹುಡ್ಕಿ.”

ಅವರಿಗೆ ಸಿಗಲಿಲ್ಲ. “ಸರಿ ಬುಡಿ, ಜೋಡಿ ತವರಿಂದ ಬಂತು,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಟೆಂಪೋ ಸುಮ್ನೆ ಬಂತಲ್ಲವ್ವ, ಬರಿಗೈಲಿ ಎಂಗೆ ವಾಪಸ್ ಕಳ್ಸಾದು?” ಎಂದು ಗೊಣಗಿದರು. ಅಮ್ಮ ಅವರಿಗೆ ಕಡ್ಲೆಪುರಿಯ ದೊಡ್ಡದೊಂದು ಚೀಲ ಕೊಟ್ಟರು.

ಗೃಹಪ್ರವೇಶಕ್ಕೆ ನಾವೆಲ್ಲ ಸಂತೆಬಾಚಹಳ್ಳಿಗೆ ಹೋದೆವು. ಹೊಸ ಕದಕ್ಕೆ ಮಾವಿನ ತೋರಣ ಕಟ್ಟಿದ್ದರು, ನೆಂಟರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಅಲ್ಲಿರಲಿಲ್ಲ. ಪಕ್ಕದ ಹಳೆಯ ಮನೆಯ ಜಗುಲಿಯಲ್ಲಿ ತಾತನ ಕದದ ಹತ್ತಿರ ಕೂತಿದ್ದರು. ಅಲ್ಲಿಂದ ಎರಡೂ ಕದಗಳು ಒಟ್ಟಿಗೆ ಕಾಣುತ್ತವೆ. ನಾನೂ ಹೋಗಿ ಕೂತೆ. ತಾತನ ಗಿಳಿಗಳ ಕೊಕ್ಕು ನಮ್ಮದಕ್ಕಿಂತ ಸ್ವಲ್ಪ ಮೊಂಡು ಎಂದು ಅಪ್ಪ ತೋರಿಸಿದರು. ಊಟಕ್ಕೆ ಕರೆಯುವ ತನಕ ಹಾಗೇ ಕೂತಿದ್ದೆವು.

ಆಮೇಲೆ ಕಂಪ್ಯೂಟರಿನ ವಿಷಯದಲ್ಲಿ ನಾನೊಂದು ಏರ್ಪಾಡು ಮಾಡಿದೆ. ಎಂದೆಂದಿಗೂ ಬೇಡ ಎನ್ನುತ್ತ ಕೂತರೆ ಬದಲಾವಣೆಗಳು ಹೊರಗೆ ರಾಶಿ ಬೀಳುತ್ತವೆ, ಒಂದು ದಿನ ಯಾರೋ ಹೂಂ ಅಂದಾಗ ಎಲ್ಲವೂ ಒಟ್ಟಿಗೆ ಒಳಗೆ ನುಗ್ಗುತ್ತವೆ. ಅದರ ಬದಲು ವರ್ಷಕ್ಕೊಮ್ಮೆ, ಆಯುಧ ತೊಳೆಯುವ ದಿನ, ನಾನೇ ಹೂಂ ಅನ್ನುತ್ತೇನೆ. ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆಯೇ ಕೂರುತ್ತೇನೆ. ಹಲಗೆ ಯಾವುದೂ ಯಂತ್ರದ ಮೇಲಿರಬಾರದು. ಹೊಸ ಕರ್ನಲ್ ಬರುತ್ತದೆ, ಹಳೆಯದು ಪಕ್ಕದಲ್ಲಿ ಉಳಿಯುತ್ತದೆ. ಮಾಡ್ಯೂಲನ್ನು ಮತ್ತೆ ಕಟ್ಟಿ, ಯಂತ್ರವನ್ನು ಖಾಲಿ ಓಡಿಸುತ್ತೇನೆ. ಕಳೆದ ಸಲ ಏನನ್ನೂ ತಿದ್ದಬೇಕಾಗಲಿಲ್ಲ. ಈ ಸಲ ಒಂದು ಸಾಲು. ಅಂಗಳದಲ್ಲಿ ಅಪ್ಪ ಹಿಡಿ ಬದಲಿಸುತ್ತಿರುವ ಸದ್ದು ಒಳಗೆ ಕೇಳುತ್ತಿರುತ್ತದೆ. ಆ ದಿನ ನನಗೆ ಇಷ್ಟ.

ಈ ವರ್ಷ ಮಾಡ್ಯೂಲ್ ಒಳಗೆ ಹೋಗಿ ಯಂತ್ರ ಮೂಲೆಗೆ ಮರಳಿದಾಗ ಅಪ್ಪ ಹೊರಗಿನಿಂದಲೇ ಕೇಳಿದರು. “ಕೂತ್ಕಂತಾ?”

“ಕೂತ್ಕಂತು ಅಪ್ಪ.”

ಚಿಕ್ಕಪ್ಪ ಬಾಗಿಲಲ್ಲಿ ತಲೆ ಹಾಕಿ, ಎಣ್ಣೆಯ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದರು.

“ನೋಡ್ಕಂಬುಡವ್ವ, ನಾನು ಏನೂ ಮುಟ್ಟಿಲ್ಲ.”